ಯಮುನಕ್ಕನ ಎರಡು ನಿಮಿಷ

ಮೊನ್ನೆ ಮೂಡುಬಿದಿರೆಯಲ್ಲಿ ಅಣ್ಣನ ಮಗಳ ಮದುವೆಯಿತ್ತು. ಊಟ ಇಗರ್ಜಿಯ ಪಕ್ಕದ ಸಭಾಭವನದಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಫಿನಾಯಿಲ್, ಮಲ್ಲಿಗೆ ಮತ್ತು ಮಳೆಗಾಲದಲ್ಲಿ ಮುಗ್ಗಿದ ಪರದೆಯ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಎಲ್ಲಿಯ ವಾಸನೆ ಇದು ಎಂದು ಒಂದು ಗಳಿಗೆ ಯೋಚಿಸಿದೆ. ಗೊತ್ತಾದ ಮೇಲೆ ಊಟ ಸೇರಲಿಲ್ಲ.

ಐಸ್‌ಕ್ರೀಮ್ ಹಿಡಿದುಕೊಂಡು ಒಬ್ಬಳು ಹುಡುಗಿ ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಹೆಸರು ಹೇಳಿದಳು, ಮರೆತೆ.

"ಐರಿನ್ ಟೀಚರ್ ಅಲ್ವಾ ನೀವು? ಮುಂದಿನ ತಿಂಗಳು ನಮ್ಮ ಯುವಕರಿಗೆ ಸೋಶಿಯಲ್ ಮೀಡಿಯಾ ತರಬೇತಿ ಉಂಟು. ನೀವು ಬಂದು ಎರಡು ಮಾತು ಹೇಳ್ಬೇಕು. ನೀವು ಮಾಡಿದ ಆ ವಿಡಿಯೊವನ್ನು ನಾವು ಈಗಲೂ ಉದಾಹರಣೆಗೆ ತೋರಿಸ್ತೇವೆ."

ಮೊಣಕಾಲು ನೋವು, ಪ್ರಯಾಣ ಆಗುವುದಿಲ್ಲ ಎಂದೆ. ಬಂಟ್ವಾಳದಿಂದ ಅಷ್ಟು ದೂರ ಬಂದು ಊಟಕ್ಕೆ ಕೂತವಳ ಆ ನೆಪವನ್ನು ಅವಳು ಪಾಪ ನಂಬಿದಳು. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಂಟ್ವಾಳದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಮದುವೆಯಾಗಲಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು. ಆದರೆ ನನ್ನ ಅನ್ನವೂ ಅಭಿಮಾನವೂ ಕನ್ನಡದ್ದೇ. ಆ ವರ್ಷ ಬೇಸಗೆ ರಜೆಗೆ ಮುಂಚೆ ನಿವೃತ್ತಳಾದೆ. ಜೂನ್ ಬಂತು, ಮಳೆ ಬಂತು, ಶಾಲೆಯ ಗಂಟೆ ನಮ್ಮ ಮನೆಯವರೆಗೂ ಕೇಳುತ್ತಿತ್ತು. ನಾನು ಮಾತಾಡಿದರೆ ಕಿವಿಗೊಡುವ ನಲವತ್ತು ಜನ ಇಲ್ಲದ ಬದುಕು ಹೇಗಿರುತ್ತದೆ ಎಂದು ಆ ತಿಂಗಳು ಕಲಿತೆ.

ಆಗಲೇ ನಮ್ಮ ಇಗರ್ಜಿಯ ಫಾದರ್ ಕರೆಸಿದರು. ಸುತ್ತಲಿನ ಇಗರ್ಜಿಗಳೆಲ್ಲ ಸೇರಿ ಸಾಮಾಜಿಕ ಜಾಲತಾಣಕ್ಕಾಗಿ ಒಂದು ತಂಡ ಕಟ್ಟುತ್ತಿದ್ದಾರೆ, ಒಳ್ಳೆ ಕನ್ನಡ ಬರೆಯುವವರು ಬೇಕು ಎಂದರು. ತಂಡದ ಮುಖ್ಯಸ್ಥ ಆಲ್ವಿನ್. ಬಿ.ಸಿ. ರೋಡಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ, ನನ್ನ ಹಳೆಯ ವಿದ್ಯಾರ್ಥಿ. ಮೂಡುಬಿದಿರೆಯ ಆ ಸಭಾಭವನದಲ್ಲಿ ಒಂದು ಭಾನುವಾರ ತರಬೇತಿ. ಮಂಗಳೂರಿನಲ್ಲಿ ಜಾಹೀರಾತು ಕಂಪೆನಿ ನಡೆಸುವವರೊಬ್ಬರು ಬಂದಿದ್ದರು. ಬಿಳಿ ಅಂಗಿ, ಚುರುಕು ಮಾತು.

"ನೀವು ಶಾಲೆ ನಡೆಸ್ತೀರಿ, ಆಸ್ಪತ್ರೆ ನಡೆಸ್ತೀರಿ, ನೆರೆ ಬಂದ್ರೆ ಗಂಜಿ ಬಡಿಸ್ತೀರಿ," ಎಂದರು. "ಆದ್ರೆ ನಿಮ್ಮ ಬಗ್ಗೆ ಬರೆಯುವವರು ಬೇರೆಯವರು. ನೀವು ಅದನ್ನು ಓದಿ ಮನೆಯಲ್ಲಿ ಕೂತು ಬೇಜಾರು ಮಾಡ್ತೀರಿ. ಇನ್ನು ನೀವೇ ಬರೀಬೇಕು."

ಆ ಮಾತು ನನಗೆ ನೇರ ತಾಗಿತು. ನಮ್ಮ ಶಾಲೆಯ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಮ್ಮವರ ಮೇಲೆ ಏನೇನೋ ಬರುತ್ತಿತ್ತು. ಒಟ್ಟಿಗೆ ಕೂತು ಬುತ್ತಿ ಬಿಚ್ಚಿದವರೇ ಕಳಿಸುತ್ತಿದ್ದರು. ನಾನು ಓದುತ್ತಿದ್ದೆ, ಮರುದಿನ ಬೆಳಿಗ್ಗೆ ಆ ಗುಂಪಿಗೇ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವಳ ಧೈರ್ಯ ಅಷ್ಟೇ ಆಗಿತ್ತು.

ಜಾಹೀರಾತಿನವರು ಬಿಳಿ ಹಲಗೆಯ ಮೇಲೆ ಕೆಲವು ಸೂತ್ರ ಬರೆದರು. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯಬೇಕು. ವಾಕ್ಯ ಗಿಡ್ಡ ಇರಬೇಕು. ಮುಖ ಬೇಕು. ಮುಖ ಎಂದರೆ ಪಾದ್ರಿಗಳದ್ದಲ್ಲ, ಸಿಸ್ಟರುಗಳದ್ದಲ್ಲ. "ನಾವು ನೂರು ಸಲ ಹೇಳಿದ್ರೆ ಅದು ಹೇಳಿಕೆ. ಹೊರಗಿನವರು ಒಮ್ಮೆ ಹೇಳಿದ್ರೆ ಅದು ಸಾಕ್ಷಿ," ಎಂದರು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಜುಲೈಯಲ್ಲಿ ನೇತ್ರಾವತಿ ಉಕ್ಕಿತು. ಬಂಟ್ವಾಳದ ಕೆಳಪೇಟೆಗೆ ನೀರು ಬರುವುದು ನಮಗೆ ಹೊಸತಲ್ಲ. ಅಂಗಡಿಯವರು ಗೋಣಿಗಳನ್ನು ಅಟ್ಟಕ್ಕೆ ಏರಿಸಿ ಸುಮ್ಮನೆ ನೋಡುತ್ತಿರುತ್ತಾರೆ. ಆ ಸಲ ಪಾಣೆಮಂಗಳೂರಿನಲ್ಲಿ ಒಂದು ಬ್ಯಾರಿ ಮುಸ್ಲಿಮ್ ಕುಟುಂಬದ ತುಂಬು ಬಸುರಿಯನ್ನು ನಮ್ಮ ಇಗರ್ಜಿಯ ಇಬ್ಬರು ಮತ್ತು ಪಕ್ಕದ ಭಜನಾ ಮಂದಿರದ ಇಬ್ಬರು ಸೇರಿ ದೋಣಿಯಲ್ಲಿ ದಾಟಿಸಿದರು. ಆಲ್ವಿನ್ ಫೋಟೊ ತೆಗೆದ. ನಾನು ಐದು ಸಾಲು ಬರೆದೆ. ಎರಡು ದಿನದಲ್ಲಿ ಅದು ಎಲ್ಲಿಗೆಲ್ಲ ಹೋಯಿತೆಂದರೆ, ದುಬೈಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಟೀಚರ್, ಇದು ನಿಮ್ಮದೇ ಕನ್ನಡ ಅಂತ ಗೊತ್ತಾಯ್ತು," ಎಂದ. ನನಗೆ ಮತ್ತೆ ತರಗತಿ ಸಿಕ್ಕಿತ್ತು. ಈ ಸಲ ನಲವತ್ತು ಜನರದ್ದಲ್ಲ. ಅದರ ರುಚಿ ಹತ್ತಿತು ಎಂದು ಒಪ್ಪಿಕೊಳ್ಳದೆ ಮುಂದಿನದ್ದನ್ನು ಹೇಳುವಂತಿಲ್ಲ.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಕಳೆಯಿತು. ಮಕ್ಕಳು ಮರಿಯ ಮಾತೆಗೆ ಹೂ ಅರ್ಪಿಸುವುದನ್ನೂ ಹೊಸ ತೆನೆ ಹಂಚುವುದನ್ನೂ ನಮ್ಮ ಪುಟದಲ್ಲಿ ಹಾಕಿದೆವು. ಅಕ್ಟೋಬರ್ ಮೊದಲ ವಾರ ಲಿಲ್ಲಿಬಾಯಿಯ ಸುದ್ದಿ ಬಂತು.

ಲಿಲ್ಲಿಬಾಯಿ ಬೆಳ್ತಂಗಡಿಯಿಂದ ಆಚೆ, ಘಟ್ಟದ ಬುಡದ ಒಂದು ಹಳ್ಳಿಯವರು. ನನಗೆ ದೂರದ ಸಂಬಂಧ. ಅರುವತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿದ್ದರು. ಮನೆಯ ಜಗಲಿಯಲ್ಲಿ ಐದು ಹೊಲಿಗೆ ಮಿಷನ್ ಇಟ್ಟು ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಕಲಿಯಲು ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದರು. ಕ್ರೈಸ್ತರ ಮನೆ ಆ ಊರಲ್ಲಿ ಇದ್ದದ್ದೇ ನಾಲ್ಕು. ಹತ್ತಿರದಲ್ಲೇ ಯಮುನಕ್ಕನ ಮನೆ. ಯಮುನಕ್ಕನ ಗಂಡ ಶೀನಪ್ಪಣ್ಣ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು, ಪಕ್ಷವಾತ ಬಡಿದು ವರ್ಷದಿಂದ ಮಲಗಿದ್ದರು. ಲಿಲ್ಲಿಬಾಯಿ ವಾರಕ್ಕೆರಡು ಸಲ ಹೋಗಿ ಅವರನ್ನು ಮಗ್ಗುಲು ತಿರುಗಿಸಿ ಮೈ ಒರೆಸಲು ಕೈಜೋಡಿಸುತ್ತಿದ್ದರು.

ಒಂದು ದಿನ ಶೀನಪ್ಪಣ್ಣನಿಗೆ ಜೋರು ಜ್ವರ. ಲಿಲ್ಲಿಬಾಯಿ ಅವರ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಹೇಳಿ ಶಿಲುಬೆಯ ಗುರುತು ಹಾಕಿದರು. ಅದನ್ನು ಯಾರೋ ಕಿಟಕಿಯಿಂದ ಮೊಬೈಲಿನಲ್ಲಿ ಹಿಡಿದರು. ಇಪ್ಪತ್ತು ಸೆಕೆಂಡಿನ ತುಣುಕು. "ಹೊಲಿಗೆ ಹೆಸರಿನಲ್ಲಿ ಮತಾಂತರ, ಹಾಸಿಗೆ ಹಿಡಿದವರನ್ನೂ ಬಿಡುವುದಿಲ್ಲ" ಎಂಬ ಬರಹದೊಂದಿಗೆ ಒಂದೇ ದಿನದಲ್ಲಿ ಮೂರು ತಾಲೂಕು ಸುತ್ತಿತು. ನಮ್ಮ ಶಿಕ್ಷಕರ ಗುಂಪಿಗೂ ಬಂತು. ಲಿಲ್ಲಿಬಾಯಿಯ ಗೇಟಿನ ಮುಂದೆ ಜನ ಸೇರಿ ಕೂಗಿದರು. ಪೊಲೀಸರಿಗೆ ದೂರು ಹೋಯಿತು. ಹೊಲಿಗೆಗೆ ಬರುವವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

ಆಲ್ವಿನ್ ಫೋನ್ ಮಾಡಿದ. "ಟೀಚರ್, ಇದಕ್ಕೆ ಉತ್ತರ ಕೊಡದಿದ್ರೆ ನಾವು ತಂಡ ಕಟ್ಟಿದ್ದು ಯಾಕೆ?"

"ಕೊಡುವ," ಎಂದೆ. "ಲಿಲ್ಲಿಬಾಯಿ ಮಾತಾಡಿದ್ರೆ ಆಗುದಿಲ್ಲ. ಆ ಮನೆಯವರೇ ಮಾತಾಡ್ಬೇಕು."

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ, ಅಲ್ಲಿಂದ ರಿಕ್ಷಾದಲ್ಲಿ ಮೇಲೆ. ಮಳೆ ಬಿಟ್ಟಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಯಮುನಕ್ಕನ ಅಂಗಳದಲ್ಲಿ ತಂತಿಯ ಮೇಲೆ ರಬ್ಬರ್ ಶೀಟುಗಳು ತೂಗುತ್ತಿದ್ದವು, ಆ ಹುಳಿ ವಾಸನೆ ಮನೆಯೊಳಗೂ ತುಂಬಿತ್ತು. ಯಮುನಕ್ಕ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಬೇರೆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರಲಿಲ್ಲ. ಗಂಡ ಬಿದ್ದ ಮೇಲೆ ಅವರೇ ಬೆಳಿಗ್ಗೆ ಎದ್ದು ರಬ್ಬರ್ ಮರ ಕೆತ್ತಿ ಹಾಲು ಇಳಿಸುತ್ತಿದ್ದರು. ಮಗಳು ಸೌಮ್ಯ ಚಹಾ ತಂದಳು. ಲಿಲ್ಲಿಬಾಯಿಯ ಹತ್ತಿರವೇ ಹೊಲಿಗೆ ಕಲಿತವಳು. ಅವಳು ತೊಟ್ಟ ಚೂಡಿದಾರದ ಕುತ್ತಿಗೆಯ ಕೆಲಸ ನೋಡಿದರೇ ಯಾರ ಶಿಷ್ಯೆ ಎಂದು ತಿಳಿಯುತ್ತಿತ್ತು.

ಬಂದ ಕಾರಣ ಹೇಳಿದೆ. ಯಮುನಕ್ಕ ತುಳುವಿನಲ್ಲಿ ಲಿಲ್ಲಿಬಾಯಿಯ ಬಗ್ಗೆ ನಿಲ್ಲಿಸದೆ ಮಾತಾಡಿದರು, ಕಣ್ಣು ಒರೆಸಿಕೊಂಡರು. ನಾನು ಚೀಲದಿಂದ ಮೊಬೈಲ್ ತೆಗೆದಾಗ ಮಾತು ನಿಂತಿತು.

"ಇದರಲ್ಲೆಲ್ಲ ನಾನು ಯಾಕೆ ಟೀಚರೇ? ಪೊಲೀಸರು ಬಂದ್ರೆ ಅವರ ಹತ್ರ ಹೇಳ್ತೇನೆ. ಹೇಳ್ಲಿಕ್ಕೆ ನನಗೆ ಹೆದರಿಕೆ ಇಲ್ಲ."

"ಪೊಲೀಸರ ಹತ್ರ ಹೇಳಿದ್ದು ಪೊಲೀಸರಿಗೆ ಮಾತ್ರ ಗೊತ್ತಾಗ್ತದೆ ಯಮುನಕ್ಕ. ಆ ವಿಡಿಯೊ ಊರಿಡೀ ನೋಡಿದೆ. ಊರಿಗೇ ಹೇಳ್ಬೇಕಲ್ವಾ?"

ಅವರು ಮಗಳ ಮುಖ ನೋಡಿದರು. "ಇವಳ ಮದುವೆ ನಿಘಂಟಾಗಿದೆ. ಜನವರಿಯಲ್ಲಿ. ಗಂಡಿನವರು ಮಾಣಿ ಪೇಟೆಯ ಹತ್ರದವರು. ಏನಾದ್ರೂ ತೊಂದ್ರೆ ಆದ್ರೆ?"

ನಾನು ಅವರ ಕೈ ಹಿಡಿದುಕೊಂಡೆ. "ಇದ್ದದ್ದನ್ನು ಇದ್ದ ಹಾಗೆ ಹೇಳಿದವರಿಗೆ ಎಂತ ತೊಂದ್ರೆ? ಆದ್ರೂ ನಾವೆಲ್ಲ ಇದ್ದೇವಲ್ಲ."

ನಾವೆಲ್ಲ ಎಂದರೆ ಯಾರು ಎಂದು ಅವರು ಕೇಳಲಿಲ್ಲ.

ತುಳುವಿನಲ್ಲೇ ಹೇಳುತ್ತೇನೆ ಎಂದರು. ಕನ್ನಡದಲ್ಲಿ ಹೇಳಿದರೆ ಘಟ್ಟದ ಮೇಲಿನವರಿಗೂ ಅರ್ಥವಾಗುತ್ತದೆ ಎಂದು ನಾನು ಒತ್ತಾಯಿಸಿದೆ. ಗಂಡನ ಮಂಚದ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ಪಾಠ ಒಪ್ಪಿಸುವವರಂತೆ ಶುರು ಮಾಡಿದರು.

"ನನ್ನ ಹೆಸರು ಯಮುನ. ಇವರು ನನ್ನ ಗಂಡ. ವರ್ಷ ಆಯ್ತು ಮಲಗಿ. ಲಿಲ್ಲಿಬಾಯಿ ಬಂದು ಇವರ ಬೆನ್ನು ಒರೆಸಿ ಪೌಡರ್ ಹಾಕ್ತಾರೆ, ಹುಣ್ಣಾಗಬಾರ್ದು ಅಂತ. ಆ ದಿನ ಜ್ವರ ಇತ್ತು. ನಾನೇ ಹೇಳಿದ್ದು, ಬಾಯಿ, ನಿಮ್ಮ ದೇವರಿಗೂ ಒಂದು ಮಾತು ಹೇಳಿ ಅಂತ. ನಮ್ಮ ದೇವರಿಗೆ ನಾನು ಹೇಳಿ ಆಗಿತ್ತು. ನಮ್ಮ ದೈವಕ್ಕೂ ಹರಕೆ ಹೇಳಿದ್ದೇನೆ. ನನ್ನನ್ನು ಯಾರೂ ಎಂತದೂ ಮಾಡ್ಲಿಲ್ಲ. ನಾನು ಇದ್ದ ಹಾಗೇ ಇದ್ದೇನೆ."

ಅಲ್ಲಿಗೆ ಸಾಕಿತ್ತು. ಲಿಲ್ಲಿಬಾಯಿಯನ್ನು ಕಾಪಾಡಲು ಅಷ್ಟು ಧಾರಾಳ ಸಾಕಿತ್ತು. ಆದರೆ ಮೂರು ಸೆಕೆಂಡಿನಲ್ಲಿ ಹಿಡಿಯುವಂಥದ್ದು ಅದರಲ್ಲಿ ಇಲ್ಲ ಎಂದು ನನಗೆ ಅನಿಸಿತು. ಮೊಬೈಲ್ ಕೆಳಗಿಳಿಸದೆ ಕೇಳಿದೆ: "ಬೇರೆ ಯಾರೆಲ್ಲ ಬರ್ತಾರೆ ಯಮುನಕ್ಕ, ಇವರನ್ನು ನೋಡ್ಲಿಕ್ಕೆ?"

ಅವರ ಮುಖ ಬದಲಾಯಿತು. ಒಪ್ಪಿಸುವ ದನಿ ಹೋಗಿ ಅವರದ್ದೇ ದನಿ ಬಂತು.

"ಯಾರು ಬರ್ತಾರೆ? ನಮ್ಮವರು ಅಂತ ಹೇಳುವವರು ಒಬ್ಬರೂ ಈ ಮೆಟ್ಟಿಲು ಹತ್ತಿಲ್ಲ. ವಿಡಿಯೊ ತೆಗೀಲಿಕ್ಕೆ ಕಿಟಕಿವರೆಗೆ ಬಂದ್ರು. ಒಳಗೆ ಬಂದು ಹೇಗಿದ್ದೀರಿ ಅಂತ ಕೇಳ್ಲಿಲ್ಲ."

ಎಲ್ಲ ಸೇರಿ ಎರಡು ನಿಮಿಷ. ನಾನು ಮೊಬೈಲ್ ಇಳಿಸಿದಾಗ ಯಮುನಕ್ಕ ತಟ್ಟನೆ ನನ್ನ ಮೊಣಕೈ ಹಿಡಿದರು. "ಕಡೆಯದ್ದು ಬೇಡ ಟೀಚರೇ. ಬೇಜಾರಲ್ಲಿ ಬಾಯಿಗೆ ಬಂತು. ಅದನ್ನು ಹಾಕ್ಬೇಡಿ ಆಯ್ತಾ?"

"ಆಯ್ತು," ಎಂದೆ.

ಬೆಳ್ತಂಗಡಿ ಬಸ್‌ ನಿಲ್ದಾಣದಲ್ಲಿ ಕೂತು ಆಲ್ವಿನ್‌ಗೆ ವಿಡಿಯೊ ಕಳಿಸಿದೆ. ಕೊನೆಯ ಮಾತು ತೆಗೆಯಬೇಕು, ಯಮುನಕ್ಕ ಹೇಳಿದ್ದಾರೆ ಎಂದು ಕೆಳಗೆ ಬರೆದೆ. ಬಸ್ಸು ಗುರುವಾಯನಕೆರೆ ದಾಟುವಾಗ ಅವನ ಫೋನ್.

"ಟೀಚರ್, ಅದು ತೆಗೆದ್ರೆ ಉಳಿಯುವುದು ಎಂತ? ಅದೇ ಇದರ ಜೀವ. ನಿಮಗೂ ಗೊತ್ತುಂಟು."

ನನಗೂ ಗೊತ್ತಿತ್ತು. ಕೇಳಿದ ಗಳಿಗೆಯಿಂದಲೇ ಗೊತ್ತಿತ್ತು.

"ಅವರಿಗೆ ಮಾತು ಕೊಟ್ಟಿದ್ದೇನೆ ಆಲ್ವಿನ್."

"ಲಿಲ್ಲಿಬಾಯಿಯನ್ನು ನಾಳೆ ವಿಚಾರಣೆಗೆ ಕರೆದಿದ್ದಾರೆ. ಇವತ್ತೇ ಹೋಗ್ಬೇಕು ಇದು. ಒಂದು ಒಳ್ಳೆ ಶೀರ್ಷಿಕೆ ಕೊಡಿ ಟೀಚರ್, ಉಳಿದದ್ದು ನಾನು ನೋಡಿಕೊಳ್ತೇನೆ."

ಲೈನ್ ಕಡಿಯಿತೇ ಎಂದು ಅವನು ಎರಡು ಸಲ ಹಲೋ ಎಂದ. ಆಮೇಲೆ ಹೇಳಿದೆ: "ಕಿಟಕಿಗೆ ಬಂದವರು ಬಾಗಿಲಿಗೆ ಬರಲಿಲ್ಲ."

"ಸೂಪರ್ ಟೀಚರ್," ಎಂದ.

ಸಂಜೆ ಐದಕ್ಕೆ ಹಾಕಿದ. ಕೊನೆಯ ಮಾತು ಮೊದಲಿಗೆ ಬಂದಿತ್ತು, ಹಿನ್ನೆಲೆಯಲ್ಲಿ ಪಿಟೀಲು, ನನ್ನ ಶೀರ್ಷಿಕೆ ಕೆಂಪಕ್ಷರದಲ್ಲಿ. ನೋಡಿದವರ ಸಂಖ್ಯೆ ಏರುವುದನ್ನು ನಾನು ಊಟದ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ನೋಡಿದೆ. ಯಮುನಕ್ಕನ ನೆನಪು ಬರಲಿಲ್ಲವೆಂದಲ್ಲ. ಬಂತು, ನಾನು ಅದನ್ನು ಆಚೆ ಸರಿಸಿದೆ.

ಕೆಲಸವಾಯಿತು. ಅದನ್ನೂ ಹೇಳಬೇಕು. ಬೆಂಗಳೂರಿನ ದೊಡ್ಡ ದೊಡ್ಡವರು ಅದನ್ನು ಹಂಚಿದರು. ಯಮುನಕ್ಕ ಠಾಣೆಗೂ ಹೋಗಿ ಹೇಳಿಕೆ ಕೊಟ್ಟರು. ಹತ್ತು ಹದಿನೈದು ದಿನದೊಳಗೆ ದೂರು ಕೊಟ್ಟವರು ಅದನ್ನು ಹಿಂದಕ್ಕೆ ಪಡೆದರು. ಶಿಕ್ಷಕರ ಗುಂಪಿನಲ್ಲಿ ಆ ಇಪ್ಪತ್ತು ಸೆಕೆಂಡಿನ ತುಣುಕು ಹಾಕಿದ್ದ ಮೇಷ್ಟ್ರು ಯಾರಿಗೂ ಹೇಳದೆ ಅದನ್ನು ಅಳಿಸಿದರು. ಆಮೇಲೊಮ್ಮೆ ಶಾಲೆಗೆ ಹೋದಾಗ ಅವರ ಮುಂದೆ ನಾನು ಮೊದಲ ಬಾರಿಗೆ ತಲೆಯೆತ್ತಿ ಕೂತೆ.

ನವೆಂಬರ್ ಕೊನೆಯಲ್ಲಿ ಸೌಮ್ಯ ಫೋನ್ ಮಾಡಿದಳು.

"ಟೀಚರೇ, ಅಮ್ಮನ ವಿಡಿಯೊವನ್ನು ನಿಮ್ಮ ಪುಟದಿಂದ ತೆಗೀಲಿಕ್ಕೆ ಆಗ್ತದಾ?"

ಏನಾಯಿತು ಎಂದೆ. ಅವಳು ಅಳಲಿಲ್ಲ. ಬೇರೆ ಯಾರದ್ದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು. ತಾಯಿಯ ಸ್ವಸಹಾಯ ಸಂಘದ ಹೆಂಗಸರು ವಾರದ ಸಭೆಯನ್ನು ಅವರಿಗೆ ತಿಳಿಸದೆ ಬೇರೆ ಮನೆಯಲ್ಲಿ ಸೇರುತ್ತಿದ್ದಾರೆ. ದಾರಿಯಲ್ಲಿ ಸಿಕ್ಕಿದವರು ಮುಖ ತಿರುಗಿಸುತ್ತಾರೆ. ಊರಿನವರನ್ನೆಲ್ಲ ಲೋಕದ ಮುಂದೆ ಕಲ್ಲೆದೆಯವರನ್ನಾಗಿ ಮಾಡಿದಳು ಎಂದು ಅವರ ಸಿಟ್ಟು. ಮಾಣಿಯ ಗಂಡಿನ ಕಡೆಯವರು ಮೊನ್ನೆ ಬಂದಿದ್ದರು. ಕೂತು ಚಹಾ ಕುಡಿದು, ಸದ್ಯಕ್ಕೆ ಬೇಡ ಎಂದು ಹೇಳಿ ಹೋದರು.

"ಸದ್ಯಕ್ಕೆ ಅಂದ್ರೆ?"

"ಸದ್ಯಕ್ಕೆ ಅಂದ್ರೆ ಬೇಡ ಅಂತ, ಟೀಚರೇ," ಎಂದಳು ಸೌಮ್ಯ. "ಅಮ್ಮನಿಗೆ ನಾನು ಫೋನ್ ಮಾಡಿದ್ದು ಗೊತ್ತಿಲ್ಲ."

ಆಲ್ವಿನ್‌ನ ಸ್ಟುಡಿಯೊಗೆ ಅದೇ ಮಧ್ಯಾಹ್ನ ಹೋದೆ. ಅವನು ಕ್ರಿಸ್‌ಮಸ್ ಕಾರ್ಡುಗಳ ಕೆಲಸದಲ್ಲಿದ್ದ. ನನ್ನ ಮಾತೆಲ್ಲ ಕೇಳಿ ತಲೆ ತಗ್ಗಿಸಿದ. ಕೆಟ್ಟವನಲ್ಲ ಅವನು, ಎಂಟನೇ ತರಗತಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ ಇದ್ದ ಮುಖವೇ.

"ಬೇಜಾರಾಗ್ತದೆ ಟೀಚರ್. ಆದ್ರೆ ಈಗ ತೆಗೆದ್ರೆ ನಾವು ಸುಳ್ಳು ಹೇಳಿದ್ದೆವು, ಹೆದರಿ ತೆಗೆದೆವು ಅಂತ ಆಗ್ತದೆ. ಅದು ಯಮುನಕ್ಕನಿಗೂ ಒಳ್ಳೆದಲ್ಲ. ನಾನೊಬ್ಬನೇ ತೀರ್ಮಾನ ಮಾಡ್ಲಿಕ್ಕೂ ಆಗುದಿಲ್ಲ. ಫಾದರ್ ಹತ್ರ ಕೇಳುವ."

ಫಾದರ್ ಬೇಸರದಿಂದಲೇ ಕೇಳಿದರು. ಆ ಕುಟುಂಬಕ್ಕಾಗಿ ಪ್ರಾರ್ಥಿಸುವ ಎಂದರು. ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸಮಾವೇಶ ಇದೆ, ಅದು ಮುಗಿಯಲಿ, ಎಲ್ಲರ ಹತ್ತಿರ ಮಾತಾಡಿ ತೀರ್ಮಾನಿಸುವ ಎಂದರು. ಅಷ್ಟರವರೆಗೆ ಅದು ಅಲ್ಲಿಯೇ ಇತ್ತು. ದಿನಕ್ಕಿಷ್ಟು ಜನ ನೋಡುತ್ತಲೇ ಇದ್ದರು.

ಸಮಾವೇಶದಲ್ಲಿ ನನಗೆ ಶಾಲು ಹೊದಿಸಿದರು. ಅದೇ ಸಭಾಭವನ, ಅದೇ ಪರದೆ. ಗೋಡೆಯ ಮೇಲೆ ದೊಡ್ಡದಾಗಿ ಯಮುನಕ್ಕನ ಮುಖ. ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಜಾಹೀರಾತಿನವರು ಮೈಕ್ ಹಿಡಿದು, "ಸಾಕ್ಷಿ ಅಂದ್ರೆ ಇದು," ಎಂದರು. ನನಗೂ ಮೈಕ್ ಕೊಟ್ಟರು. ಹೇಳಬೇಕಾದ್ದು ನಾಲಗೆಯ ತುದಿಯಲ್ಲೇ ಇತ್ತು. ಇವರ ಮಗಳ ಮದುವೆ ಮುರಿದಿದೆ, ನಾವು ಮುರಿದದ್ದು, ಇದನ್ನು ಈಗಲೇ ತೆಗೆಯಿರಿ. ಮುಂದಿನ ಸಾಲಿನಲ್ಲಿ ಮುಖಗಳೆಲ್ಲ ನಗುತ್ತಿದ್ದವು. "ಎಲ್ಲರಿಗೂ ಧನ್ಯವಾದ," ಎಂದು ಹೇಳಿ ಇಳಿದೆ.

ಹಿಂದಿನ ಸಾಲಿನಲ್ಲಿ ಲಿಲ್ಲಿಬಾಯಿ ಇದ್ದರು. ಅವರನ್ನೂ ಕರೆಸಿದ್ದರು. ಊಟದ ಹೊತ್ತಿಗೆ ನನ್ನನ್ನು ಅಂಗಳಕ್ಕೆ ಕರೆದರು.

"ನನ್ನನ್ನು ಏನು ಮಾಡ್ತಿದ್ರು ಐರಿನ್?" ಕೊಂಕಣಿಯಲ್ಲೇ ಕೇಳಿದರು. "ಠಾಣೆಯಲ್ಲಿ ಕೂರಿಸ್ತಿದ್ರು. ಜಾಸ್ತಿ ಅಂದ್ರೆ ಒಳಗೆ ಹಾಕ್ತಿದ್ರು. ನನಗೆ ಗಂಡನಿಲ್ಲ, ಮದುವೆ ಮಾಡಲಿಕ್ಕೆ ಮಗಳಿಲ್ಲ. ನಾನು ತಡೆದುಕೊಳ್ತಿದ್ದೆ. ನೀನು ನನ್ನನ್ನು ಉಳಿಸ್ಲಿಕ್ಕೆ ಅವಳನ್ನು ಕೊಟ್ಟೆ."

"ಬಾಯಿ, ನನಗೆ ಗೊತ್ತಿರಲಿಲ್ಲ..."

"ಅವಳು ಬೇಡ ಅಂದದ್ದು ಗೊತ್ತಿತ್ತು."

ಲಿಲ್ಲಿಬಾಯಿ ಮತ್ತೂ ಒಂದು ಮಾತು ಹೇಳಿದರು. ಯಮುನಕ್ಕನ ಮನೆಗೆ ಈಗ ಅವರೂ ಹೋಗುತ್ತಿರಲಿಲ್ಲ. ಹೋದರೆ ಮತ್ತಷ್ಟು ಮಾತಾಗುತ್ತದೆ ಎಂದು ಯಮುನಕ್ಕನೇ ಬೇಡವೆಂದಿದ್ದರು. ಶೀನಪ್ಪಣ್ಣನ ಬೆನ್ನಿನಲ್ಲಿ ಹುಣ್ಣಾಗಿತ್ತು.

ಜನವರಿ ಕಳೆಯಿತು, ವಿಡಿಯೊ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಮದುವೆಗೆಂದು ಗೊತ್ತು ಮಾಡಿದ್ದ ದಿನ ನಾನು ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದೆ. ತಂಡದ ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಫೆಬ್ರವರಿಯಲ್ಲಿ ಶೀನಪ್ಪಣ್ಣ ತೀರಿಹೋದರು. ಹುಣ್ಣಿಗೆ ನಂಜಾಗಿತ್ತಂತೆ. ಲಿಲ್ಲಿಬಾಯಿ ಫೋನಿನಲ್ಲಿ ಹೇಳಿದರು. ಹೆಣ ಎತ್ತುವಾಗ ಅವರು ಅಂಗಳಕ್ಕೆ ಹೋಗಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ಕೈ ಮುಗಿದರು. ಯಾರೂ ಅವರನ್ನು ಹೋಗು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಊರಿನ ಜನ ಮಾತ್ರ ತುಂಬ ಬಂದಿದ್ದರಂತೆ. ಸತ್ತ ಮನೆಗೆ ಎಲ್ಲರೂ ಬಂದರು, ಯಮುನಕ್ಕ ಯಾರನ್ನೂ ಮಾತಾಡಿಸಲಿಲ್ಲವಂತೆ.

ಆ ದಿನ ನಾನು ಆಲ್ವಿನ್‌ನ ಸ್ಟುಡಿಯೊಗೆ ಹೋಗಿ ಅವನ ಎದುರಿನ ಕುರ್ಚಿಯಲ್ಲಿ ಕೂತೆ. ಆ ವಿಡಿಯೊವನ್ನು ಪುಟದಿಂದ ತೆಗೆಯುವವರೆಗೆ ಏಳುವುದಿಲ್ಲ ಎಂದೆ. ಗಿರಾಕಿಗಳು ಪಾಸ್‌ಪೋರ್ಟ್ ಫೋಟೊಗೆ ಬಂದು ಹೋದರು. ಅರ್ಧ ಗಂಟೆಯಾದ ಮೇಲೆ ಅವನು ಯಾರಿಗೂ ಫೋನ್ ಮಾಡದೆ, ಯಾರನ್ನೂ ಕೇಳದೆ ಅದನ್ನು ತೆಗೆದ. ಅಷ್ಟೇ ಕೆಲಸ. ಎರಡು ಸಲ ಬೆರಳು ಒತ್ತುವ ಕೆಲಸ. ನವೆಂಬರಿನಲ್ಲಿಯೂ ಅಷ್ಟೇ ಇತ್ತು.

"ಆದ್ರೆ ಟೀಚರ್, ಇದು ಈಗ ಎಲ್ಲರ ಹತ್ರ ಉಂಟು," ಎಂದ. "ನಮ್ಮ ಪುಟದಿಂದ ಮಾತ್ರ ಹೋಯ್ತು."

ಮಾರ್ಚಿನಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಒಂದು ಶುಕ್ರವಾರ, ಯಮುನಕ್ಕನ ಮನೆಗೆ ಹೋದೆ. ಲಿಲ್ಲಿಬಾಯಿಗೂ ತಿಳಿಸಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಕ್ಷಮಿಸಿ ಎಂದು ಶುರು ಮಾಡುವುದೇ, ತಪ್ಪಾಯಿತು ಎಂದು ಶುರು ಮಾಡುವುದೇ ಎಂದು ಯೋಚಿಸಿದೆ. ಯಾವುದು ಕಿವಿಗೆ ಚೆನ್ನಾಗಿ ಕೇಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ ಎಂದು ತಿಳಿದಾಗ ನನ್ನ ಮೇಲೆಯೇ ಹೇಸಿಗೆಯಾಯಿತು.

ಯಮುನಕ್ಕ ಜಗಲಿಯಲ್ಲಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೊರಳು ಬರಿದಾಗಿತ್ತು. ನನ್ನನ್ನು ನೋಡಿ ಎದ್ದು ನಿಂತರು, ಬನ್ನಿ ಎಂದರು, ಕುರ್ಚಿ ತೋರಿಸಿದರು. ಸೌಮ್ಯ ಇರಲಿಲ್ಲ, ಉಜಿರೆಯಲ್ಲಿ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ ಎಂದರು. ಒಳಗಿನ ಮಂಚ ಖಾಲಿ ಇತ್ತು. ಹಾಸಿಗೆಯನ್ನು ತೆಗೆದಿದ್ದರು, ಹಲಗೆ ಮಾತ್ರ ಕಾಣುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಮಡಿಲಲ್ಲಿದ್ದ ಚೀಲವನ್ನು ನೋಡಿದರು.

"ಮೊಬೈಲ್ ಆನ್ ಉಂಟಾ ಟೀಚರೇ?"

ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ್ದು. ನಾನು ತೆಗೆದು ಆಫ್ ಮಾಡಿ ತೋರಿಸಿದೆ. ಅವರು ಅದು ಕಪ್ಪಾಗುವವರೆಗೆ ನೋಡಿ ಆಮೇಲೆ ಕೂತರು.

"ತಪ್ಪಾಯ್ತು ಯಮುನಕ್ಕ," ಎಂದೆ. ಬಸ್ಸಿನಲ್ಲಿ ಜೋಡಿಸಿದ್ದರಲ್ಲಿ ಅಷ್ಟೇ ಉಳಿದಿತ್ತು.

ಅವರು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಆಮೇಲೆ ತುಳುವಿನಲ್ಲಿ ಮಾತಾಡಿದರು. ನಾನು ಒತ್ತಾಯಿಸಿ ಆಡಿಸಿದ ಕನ್ನಡವನ್ನು ಅವರು ಬಿಟ್ಟಿದ್ದರು.

"ನಾನು ಸುಳ್ಳು ಹೇಳಲಿಲ್ಲ. ನೀವೂ ಸುಳ್ಳು ತೋರಿಸಲಿಲ್ಲ. ನಾನೇ ಹೇಳಿದ್ದಲ್ಲವಾ ಅದು. ಆದರೆ ನಿಮಗೆ ವಾಪಸ್ ಹೋಗಲಿಕ್ಕೆ ಬಂಟ್ವಾಳ ಉಂಟು ಟೀಚರೇ. ನನಗೆ ಇರುವುದು ಇದೇ ಊರು. ಇವರ ಹತ್ತಿರವೇ ನಾನು ನೀರು ಕೇಳಬೇಕು, ಇವರ ಹೆಗಲ ಮೇಲೆಯೇ ನನ್ನ ಗಂಡ ಹೋದದ್ದು."

ಚಹಾ ಮಾಡಿ ಕೊಟ್ಟರು. ಕುಡಿದೆ. ಬಿಡಲು ಅಂಗಳದ ಮೂಲೆಯವರೆಗೆ ಬಂದರು. ರಸ್ತೆಯಲ್ಲಿ ಇಬ್ಬರು ಹೆಂಗಸರು ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದರು, ನಮ್ಮ ಕಡೆ ತಿರುಗಿ ನೋಡಿದರು. ಯಮುನಕ್ಕ ಒಂದು ಹೆಜ್ಜೆ ಹಿಂದೆ ಸರಿದು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಇನ್ನು ಬರಬೇಡಿ ಟೀಚರೇ."

ಆಮೇಲೆ ಆ ಹೆಂಗಸರನ್ನು ಕೂಗಿ, ಯಾರೋ ದಾರಿ ಕೇಳಲಿಕ್ಕೆ ಬಂದದ್ದು ಎಂದರು.